ನಮ್ಮ ಮನೆಗೆ ಬಂದ ಎರಡನೆಯ ಪ್ರೆಷರ್

ಈಚೆಗೆ ನನಗೊಂದು ಚಟ ಹತ್ತಿದೆ. ಯಾರ ಮನೆಗೆ ಹೋದರೂ, ಯಾವ ಛತ್ರಕ್ಕೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ನೆಲಕ್ಕೆ, ಆಮೇಲೆ ಗೋಡೆಯ ಬುಡಕ್ಕೆ ಹೋಗುತ್ತದೆ. ಮೊನ್ನೆ ಕೆಂಗಲ್ ಹತ್ತಿರ ಒಂದು ಮದುವೆಗೆ ಹೋಗಿದ್ದೆವು. ಊಟದ ಸಾಲಿನಲ್ಲಿ ಪಕ್ಕ ಕೂತಿದ್ದ ನಂಟರೊಬ್ಬರು ಹೆಣ್ಣಿನ ಸೀರೆ ಹೇಗಿದೆ ಎಂದು ಕೇಳಿದರು. ನಾನು, "ಪಾಚಿ ತೆಗೆದ್ರೆ ಒಳಗೆ ಹಳದಿ ಇರ್ಬೌದು" ಎಂದುಬಿಟ್ಟೆ. ನಾನು ನೋಡುತ್ತಿದ್ದದ್ದು ಕಿಟಕಿಯಾಚೆಯ ಕಾಂಪೌಂಡು ಗೋಡೆಯನ್ನು. ಆಕೆ ಒಂದು ಗಳಿಗೆ ನನ್ನ ಮುಖ ನೋಡಿ, ಪಾಯಸ ಬಡಿಸುವವರನ್ನು ಕರೆಯುವ ನೆಪದಲ್ಲಿ ಆಚೆ ತಿರುಗಿಕೊಂಡರು.

ಈ ಚಟ ಹುಟ್ಟಿನಿಂದ ಬಂದದ್ದಲ್ಲ, ಒಂದು ಮಿಷಿನ್ನಿನಿಂದ ಬಂದದ್ದು. ಪೆಟ್ರೋಲು ಕುಡಿದು ನೀರನ್ನು ಉಗುಳುವ ಮಿಷಿನ್ನು. ಅಂಗಡಿಯವರು ಅದನ್ನು ಪ್ರೆಷರ್ ವಾಷರ್ ಎನ್ನುತ್ತಾರೆ. ಗಾಡಿ ತೊಳೆಯುವ ವಾಟರ್ ಸರ್ವಿಸ್ ಅಂಗಡಿಗಳಲ್ಲಿ ನೀವೂ ಅದರ ಅಣ್ಣತಮ್ಮಂದಿರನ್ನು ನೋಡಿರುತ್ತೀರಿ. ನಮ್ಮ ಅತ್ತೆಗೆ ಮಾತ್ರ ಆ ಹೆಸರು ಹಿಡಿಸಲಿಲ್ಲ. ಅವರು ದಿನಾ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗುವವರು. ಮಿಷಿನ್ನು ಗೂಡ್ಸ್ ಆಟೋದಿಂದ ಇಳಿದ ದಿನ ಅದರ ಹೆಸರು ಕೇಳಿ ತಿಳಿದುಕೊಂಡು, "ಪ್ರೆಸರ್ ನಂಗೇ ಐತಲ್ಲಮ್ಮಿ, ಇನ್ನೊಂದ್ಯಾಕೆ ತಂದ್ರಿ ಮನೆಗೆ?" ಎಂದರು.

ನಾವಿರುವುದು ಕೂಟಗಲ್ ಕಡೆಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಮೂರೇ ಜನ. ಅತ್ತೆ, ನಮ್ಮನೆಯವರು ಪುಟ್ಟಸ್ವಾಮಿ, ಮತ್ತು ನಾನು. ಮಗಳು ಮದುವೆಯಾಗಿ ಮಾಗಡಿಯಲ್ಲಿದ್ದಾಳೆ. ಹಿಪ್ಪುನೇರಳೆ ತೋಟವಿದೆ, ತೋಟದ ತುದಿಯಲ್ಲಿ ರೇಷ್ಮೆ ಹುಳು ಸಾಕುವ ಹುಳು ಮನೆ ಇದೆ. ಹುಳು ಸಾಕುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಹುಳು ಮನೆ ತೊಳೆಯುವುದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹುಳುಗಳು ಹಗಲೂ ರಾತ್ರಿ ಸೊಪ್ಪು ಮೆದ್ದು, ಗೂಡು ಕಟ್ಟಿ, ಆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮೇಲೆ ನಮಗೆ ಉಳಿಯುವುದು ಹಿಕ್ಕೆ, ಒಣಗಿದ ಕಡ್ಡಿ, ಮತ್ತು ಗೂಡು ಕಟ್ಟಿಸುವ ಚಂದ್ರಿಕೆಗಳ ಸಂದುಸಂದಿನಲ್ಲಿ ಜೇಡರ ಬಲೆಯಂತೆ ಅಂಟಿಕೊಂಡ ನೂಲು. ಅದನ್ನೆಲ್ಲ ಉಜ್ಜಿ ತೆಗೆದು ಔಷಧಿ ಹೊಡೆಯದಿದ್ದರೆ ಹೋದ ಬೆಳೆಯ ರೋಗ ಬರುವ ಬೆಳೆಗೆ ಕಾದು ಕೂತಿರುತ್ತದೆ. ಉಜ್ಜುವ ಕೆಲಸ ಅತ್ತೆಯದು ಮತ್ತು ನನ್ನದು. ಪ್ರತಿ ಬೆಳೆಯಾದ ಮೇಲೂ ನಾವಿಬ್ಬರೂ ಸೊಂಟ ಹಿಡಿದುಕೊಂಡು ಒಬ್ಬರ ಬೆನ್ನಿಗೆ ಒಬ್ಬರು ಎಣ್ಣೆ ತಿಕ್ಕುತ್ತಿದ್ದೆವು. ಅತ್ತೆ ಸೊಸೆಯರ ಒಗ್ಗಟ್ಟಿಗೆ ಇದಕ್ಕಿಂತ ಒಳ್ಳೆಯ ಕಾರಣ ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ತವರು ಕುದೂರು. ಅಲ್ಲಿಯೂ ಹುಳು ಸಾಕುತ್ತಿದ್ದರು, ಆದರೆ ಆಗ ಚಂದ್ರಿಕೆಗಳು ಬಿದಿರಿನವು. ಕೆರೆಯ ಕೋಡಿಯ ಹತ್ತಿರ ಹೊತ್ತುಕೊಂಡು ಹೋಗಿ, ನೀರಿಗೆ ಹಾಕಿ, ನಾವು ಮಕ್ಕಳು ಅದರ ಮೇಲೆ ಹತ್ತಿ ಕುಣಿಯುತ್ತಿದ್ದೆವು. ಕುಣಿತಕ್ಕೆ ತೊಳೆತ ಎಂದು ಹೆಸರು. ಚಂದ್ರಿಕೆ ಎಷ್ಟು ಚೊಕ್ಕವಾಗುತ್ತಿತ್ತೋ ಗೊತ್ತಿಲ್ಲ, ನಮ್ಮ ಕಾಲಿಗೆ ಮಾತ್ರ ಸಿಬಿರು ಚುಚ್ಚಿ ಅವ್ವ ಸಂಜೆಯೆಲ್ಲ ಸೂಜಿ ಹಿಡಿದು ಕೂರಬೇಕಾಗುತ್ತಿತ್ತು.

ಆ ಮನೆಯಲ್ಲಿ ನನಗೆ ಚಂದ್ರಿಕೆಗಿಂತ, ಕೆರೆಗಿಂತ ಇಷ್ಟವಾಗಿದ್ದದ್ದು ಅಪ್ಪನ ಇಂಜಿನ್ನು. ಬಾವಿಯ ಪಕ್ಕ ಗುಡಿಸಲಿನಲ್ಲಿ ಕೂತಿರುತ್ತಿದ್ದ ಡೀಸೆಲ್ ಇಂಜಿನ್ನು. ಹ್ಯಾಂಡಲ್ ಹಾಕಿ ತಿರುಗಿಸಿ ಎಬ್ಬಿಸಬೇಕು. ಎದ್ದರೆ ಊರಿಗೆಲ್ಲ ಕೇಳುತ್ತಿತ್ತು. "ಹೆಣ್ಣೈಕ್ಳು ಹ್ಯಾಂಡ್ಲ್ ತಾವ ಬರ್ಬ್ಯಾಡಿ, ತಿರುಗಿ ಹೊಡುದ್ರೆ ಕೈ ಮುರೀತದೆ" ಎಂದು ಅಪ್ಪ ನನ್ನನ್ನೂ ಅಕ್ಕನನ್ನೂ ದೂರ ನಿಲ್ಲಿಸುತ್ತಿದ್ದರು. ಗಂಡುಮಕ್ಕಳ ಕೈ ಯಾಕೆ ಮುರಿಯುವುದಿಲ್ಲ ಎಂದು ನಾನು ಕೇಳಿದರೆ ಬಗ್ಗಿ ಹ್ಯಾಂಡಲ್ ಒರೆಸತೊಡಗುತ್ತಿದ್ದರು. ಆದರೆ ಕಿವಿಗೆ ಹೆಣ್ಣು ಗಂಡು ಇಲ್ಲವಲ್ಲ. ಮನೆಯಲ್ಲಿ ಉಣ್ಣುತ್ತ ಕೂತ ಅಪ್ಪ ಒಮ್ಮೊಮ್ಮೆ ಮುದ್ದೆಯ ತುತ್ತನ್ನು ಕೈಯಲ್ಲೇ ಹಿಡಿದು, "ಪಂಪು ನೀರೆಳೀತಿಲ್ಲ ಕಣಮ್ಮಿ" ಎನ್ನುತ್ತಿದ್ದರು. ಹೋಗಿ ನೋಡಿದರೆ ನಿಜವಾಗಿಯೂ ಇಂಜಿನ್ನು ಓಡುತ್ತಿರುತ್ತಿತ್ತು, ಪೈಪಿನಲ್ಲಿ ನೀರಿರುತ್ತಿರಲಿಲ್ಲ. ಹೇಗೆ ಗೊತ್ತಾಯಿತು ಎಂದರೆ, "ಹೊರೆ ಹೊತ್ತಾಗ ಒಂಥರಾ ಉಸುರು ಬುಡ್ತದೆ, ಹೊರೆ ಇಳುಸ್ದಾಗ ಇನ್ನೊಂಥರಾ. ಒಸಿ ಕಿವಿ ಕೊಟ್ಟು ಕೇಳು" ಎನ್ನುತ್ತಿದ್ದರು. ನಾನು ಕಿವಿ ಕೊಟ್ಟೆ. ಲೆಕ್ಕದ ಮಗ್ಗಿ ಮರೆತರೂ ಆ ಪಾಠ ಮರೆಯಲಿಲ್ಲ.

ಮಿಷಿನ್ನಿನ ವಿಷಯಕ್ಕೆ ಬರುತ್ತೇನೆ. ಕನಕಪುರದಲ್ಲಿ ನಮ್ಮನೆಯವರ ಚಿಕ್ಕಪ್ಪನ ಮಗ ವಾಟರ್ ಸರ್ವಿಸ್ ಇಟ್ಟಿದ್ದಾರೆ. ಅಲ್ಲಿಗೆ ನಮ್ಮ ಸ್ಕೂಟರು ತೊಳೆಸಲು ಹೋದಾಗ ನನ್ನ ಕಣ್ಣು ಅದರ ಮೇಲೆ ಬಿತ್ತು. ಸ್ಕೂಟರಿನ ಹೊಟ್ಟೆಯ ಅಡಿಯಲ್ಲಿ ಅಂಟಿದ್ದ ಮಣ್ಣು ಕಣ್ಣೆದುರಿಗೇ ಕಳಚಿ ಬಿತ್ತು. ಇದೇ ನೀರನ್ನು ಚಂದ್ರಿಕೆಗೆ ಬಿಟ್ಟರೆ ಏನಾಗಬಹುದು ಎಂಬ ಕುತೂಹಲ ಶುರುವಾದದ್ದು ಅಲ್ಲಿ. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಅದೇ ಮಾತಾಡಿದೆ. ನಮ್ಮನೆಯವರು ಹೆಲ್ಮೆಟ್ಟಿನೊಳಗಿಂದ "ಹ್ಞೂ" ಎಂದರು. ಅದು ಒಪ್ಪಿಗೆಯ ಹ್ಞೂ ಅಲ್ಲ, ಗಾಳಿಗೆ ಏನೂ ಕೇಳಿಸದಾಗ ಅನ್ನುವ ಹ್ಞೂ. ನಾನು ಒಪ್ಪಿಗೆ ಎಂದೇ ಇಟ್ಟುಕೊಂಡೆ.

ಕೊಳ್ಳುವುದಕ್ಕೆ ಮುಂಚೆ ಮನೆಯಲ್ಲಿ ಸಾಕಷ್ಟು ಚರ್ಚೆ ಆಯಿತು. ಕರೆಂಟಿನದೋ, ಪೆಟ್ರೋಲಿನದೋ ಎಂಬುದು ಮೊದಲ ಪ್ರಶ್ನೆ. ತೋಟಕ್ಕೆ ಕರೆಂಟು ತನಗೆ ಮನಸ್ಸು ಬಂದಾಗ ಬರುತ್ತದೆ. ಹುಳು ಮನೆಗೆ ಮನೆಯಿಂದ ವೈರು ಎಳೆದರೆ ಒದ್ದೆ ನೆಲದ ಮೇಲೆ ಹಾವಿನಂತೆ ಬಿದ್ದಿರುತ್ತದೆ. "ನೀರಿಗೂ ಕರೆಂಟಿಗೂ ಆಗಿಬರಾಕಿಲ್ಲ. ವೈರು ಗೀರು ಅಂದ್ರೆ ನಾ ಒಳೀಕೇ ಬರಾಕಿಲ್ಲ" ಎಂದು ಅತ್ತೆ ಹೇಳಿದ ಮೇಲೆ ಅದು ಮುಗಿಯಿತು. ಎರಡನೆಯ ಪ್ರಶ್ನೆ, ಎಷ್ಟು ದೊಡ್ಡದು? ಕನಕಪುರದವರು ಫೋನಿನಲ್ಲಿ, ತಗೊಳ್ಳೋದಾದರೆ ಎಲ್ಲಕ್ಕಿಂತ ದೊಡ್ಡದೇ ತಗೊಳ್ಳಿ ಎಂದರು. ನಮ್ಮನೆಯವರಿಗೂ ಅದೇ ಸರಿ ಅನ್ನಿಸಿತ್ತು. ಗಂಡಸರು ಮಿಷಿನ್ನು ಕೊಳ್ಳುವಾಗ ತೊಳೆಯಬೇಕಾದ ವಸ್ತುವನ್ನು ನೋಡುವುದಿಲ್ಲ, ಪಕ್ಕದ ಮನೆಯವನ ಮುಖ ನೋಡುತ್ತಾರೆ.

ಚನ್ನಪಟ್ಟಣದ ಅಂಗಡಿಗೆ ಹೋದೆವು. ಮಾಲೀಕರು ಬಿಳಿ ಗಡ್ಡದ ಸಾಹೇಬರು. ಅವರ ಅಪ್ಪ ಅಜ್ಜ ಎಲ್ಲ ಬೊಂಬೆ ಕೆತ್ತಿದವರಂತೆ. ಮೇಜಿನ ಮೇಲೆ ಸ್ಪ್ಯಾನರುಗಳ ನಡುವೆ ಅರಗಿನ ಬಣ್ಣದ ಬುಗುರಿಯೊಂದು ಕೂತಿತ್ತು. ನಮ್ಮನೆಯವರು ಒಳಗೆ ಕಾಲಿಟ್ಟವರೇ ಮೂಲೆಯಲ್ಲಿದ್ದ ಅತಿ ದೊಡ್ಡ ಮಿಷಿನ್ನಿನ ಮುಂದೆ ಹೋಗಿ ನಿಂತರು. ಸಾಹೇಬರು ಅದರ ಬಗ್ಗೆ ಒಂದು ಮಾತೂ ಆಡದೆ ನನ್ನ ಕಡೆ ತಿರುಗಿ, "ಏನು ತೊಳೀತೀರಮ್ಮ ನೀವು?" ಎಂದು ಕೇಳಿದರು.

ನಾನು ಹೇಳಿದೆ. ಪ್ಲಾಸ್ಟಿಕ್ ಚಂದ್ರಿಕೆ, ಸ್ಟ್ಯಾಂಡು, ಹುಳು ಮನೆಯ ನೆಲ, ಕೊಟ್ಟಿಗೆ, ಆಗಾಗ ಸ್ಕೂಟರು.

"ಹಂಗಾದ್ರೆ ಆ ದೊಡ್ಡದು ಬೇಡ. ಚಂದ್ರಿಕೆ ಪುಡಿಪುಡಿ ಆಗ್ತದೆ" ಎಂದರು. "ಪ್ರೆಷರ್ ಒಂದೇ ನೋಡ್ಬಾರ್ದಮ್ಮ. ನಿಮಿಷಕ್ಕೆ ಎಷ್ಟು ನೀರು ಬಿಡ್ತದೆ ಅದೂ ನೋಡ್ಬೇಕು. ಕೊಳೆ ಬಿಡಿಸೋದು ಪ್ರೆಷರ್ರು, ಬಿಟ್ಟ ಕೊಳೆ ತಳ್ಳೋದು ನೀರು."

ಈ ಮಾತು ನನಗೆ ಬಹಳ ಹಿಡಿಸಿತು. ಸಂಸಾರಕ್ಕೂ ಹೊಂದುತ್ತದೇನೋ ಎಂದು ಯೋಚಿಸುತ್ತ ನಿಂತುಬಿಟ್ಟೆ. ಆಮೇಲೆ ನನ್ನ ಪ್ರಶ್ನೆಗಳು ಶುರುವಾದವು. ನಲ್ಲಿ ಇಲ್ಲದಿದ್ದರೆ ಡ್ರಮ್ಮಿನಿಂದ ಎಳೆಯುತ್ತದಾ? ಎಳೆಯುತ್ತದೆ, ಡ್ರಮ್ಮು ಮಿಷಿನ್ನಿಗಿಂತ ಎತ್ತರದಲ್ಲಿರಬೇಕು, ಪೈಪಿನ ತುದಿಗೆ ಜಾಲರಿ ಬೇಕು. ನೀರಿಲ್ಲದೆ ಓಡಿದರೆ? ಪಂಪು ಸುಟ್ಟು ಹೋಗುತ್ತದೆ. ಆಯಿಲ್ಲು? ಪ್ರತಿ ಸಲ ಕಡ್ಡಿ ತೆಗೆದು ನೋಡಬೇಕು. ನನ್ನೊಬ್ಬಳ ಕೈಯಲ್ಲಿ ಎಳೆದಾಡಲು ಆಗುತ್ತದಾ? "ಎಳೆದು ನೋಡಿ" ಎಂದರು. ಚಕ್ರವಿದ್ದ ನಡುವಿನ ಅಳತೆಯದೊಂದನ್ನು ಅಂಗಡಿಯ ಮುಂದಿನ ರಸ್ತೆಯಲ್ಲಿ ತಳ್ಳಿಕೊಂಡು ಹೋಗಿ ಬಂದೆ. ಬೀದಿಯವರು ಮಗುವಿನ ಗಾಡಿ ಎಂದುಕೊಂಡರೋ ಏನೋ, ಒಬ್ಬಾಕೆ ಬಗ್ಗಿ ಒಳಗೆ ನೋಡಿದಳು.

ಕೊನೆಯಲ್ಲಿ ಸಾಹೇಬರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, "ಇದು ಪೆಟ್ರೋಲ್ದು. ಹೊರಗೆ ಇಟ್ಟು ಓಡಿಸ್ಬೇಕು. ನಾಲ್ಕು ಗೋಡೆ ಒಳಗೆ ಬೇಡ" ಎಂದರು. ನಮ್ಮನೆಯವರು ತಲೆ ಆಡಿಸಿದರು. ಅಂಗಡಿಯಲ್ಲಿ ಯಾರು ಏನು ಹೇಳಿದರೂ ನಾವೆಲ್ಲ ಹಾಗೆಯೇ ಆಡಿಸುತ್ತೇವೆ.

ಮೊದಲ ದಿನ ಮನೆಯ ಮುಂದೆ ಜನ ಸೇರಿದರು. ನಮ್ಮನೆಯವರು ಇಂಜಿನ್ನು ಎಬ್ಬಿಸುವ ಹಗ್ಗ ಎಳೆದರು, ಮಿಷಿನ್ನು ಕೆಮ್ಮಿ ಸುಮ್ಮನಾಯಿತು. ಎಳೆದರು, ಕೆಮ್ಮಿತು. ಬೆವರಿದರು, ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತರು. ನೆರೆದವರಲ್ಲಿ ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟರು, ಒಬ್ಬರು ನಿಂಬೆಹಣ್ಣು ತರಲು ಹೇಳಿದರು. ನಾನು ಪೈಪಿನ ತುದಿಯಲ್ಲಿದ್ದ ಬಂದೂಕಿನಂಥ ಗನ್ನಿನ ಕುದುರೆಯನ್ನು ಒಂದು ಸಲ ಒತ್ತಿ, ಒಳಗೆ ಬಿಗಿದಿದ್ದ ನೀರನ್ನು ಬಿಟ್ಟು, "ಈಗ ಎಳೀರಿ" ಎಂದೆ. ಎದ್ದುಬಿಟ್ಟಿತು. ಸಾಹೇಬರು ಇದನ್ನು ಹೇಳಿಕೊಡುವಾಗ ನಮ್ಮನೆಯವರು ದೊಡ್ಡ ಮಿಷಿನ್ನನ್ನು ಕೊನೆಯ ಸಲ ನೋಡಿಕೊಂಡು ನಿಂತಿದ್ದರು.

ಗನ್ನಿನ ಬಾಯಿಗೆ ಹಾಕಲು ಬಣ್ಣಬಣ್ಣದ ಮೂತಿಗಳು. ಕೆಂಪು, ಹಳದಿ, ಹಸಿರು, ಬಿಳಿ, ಕಪ್ಪು. "ಬಳೆಗಾರನ ಮಲಾರ ಇದ್ದಂಗೈತೆ" ಎಂದರು ಅತ್ತೆ. ಕೆಂಪು ಮೂತಿಯಲ್ಲಿ ನೀರು ದಬ್ಬಳದಷ್ಟು ಸಣ್ಣಗೆ, ಅಷ್ಟೇ ಚೂಪಾಗಿ ಬರುತ್ತದೆ. ಬಿಳಿಯದರಲ್ಲಿ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ನಮ್ಮನೆಯವರು ಕೆಂಪನ್ನೇ ಹಾಕಿದರು. ಜಗಲಿಯ ಸಿಮೆಂಟಿನ ಮೇಲೆ ಒಂದು ಗೆರೆ ಬಿತ್ತು, ಈಗಲೂ ಇದೆ. ಆಮೇಲೆ ಹಾಲಿನ ಕ್ಯಾನು ತೊಳೆದರು. ಕ್ಯಾನು ಬೆಳ್ಳಿಯಂತಾಯಿತು, ಅದರ ಮೇಲೆ ಬಣ್ಣದಲ್ಲಿ ಬರೆಸಿದ್ದ ಅತ್ತೆಯ ಹೆಸರು ಹೊರಟುಹೋಯಿತು. ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಅತ್ತೆ ತಮ್ಮ ಕ್ಯಾನನ್ನು ತಾವೇ ಗುರುತು ಹಿಡಿಯದೆ ಬೇರೆಯವರದರ ಮುಂದೆ ನಿಂತಿದ್ದರಂತೆ.

ಅತ್ತೆಯ ಮುನಿಸು ಕರಗಿದ್ದು ಬಾಗಿಲ ಮುಂದಿನ ಚಪ್ಪಡಿಯಿಂದ. ಹುಟ್ಟುಗಪ್ಪು ಎಂದು ನಾವೆಲ್ಲ ನಂಬಿದ್ದ ಕಲ್ಲು. ಹಸಿರು ಮೂತಿ ಹಾಕಿ ನಾನು ಒಂದು ತುದಿಯಿಂದ ನೀರು ಎಳೆದೆ. ಕಪ್ಪು ಸುರುಳಿ ಸುತ್ತಿಕೊಂಡು ಹೋದಂತೆ ಹೋಯಿತು, ಕೆಳಗಿಂದ ತಿಳಿ ಗುಲಾಬಿ ಬಣ್ಣದ, ಅಲ್ಲಲ್ಲಿ ಬಿಳಿ ಕಾಳು ಚೆಲ್ಲಿದಂಥ ಕಲ್ಲು ಎದ್ದಿತು. ಅತ್ತೆ ಚಪ್ಪಲಿ ಬಿಟ್ಟು ಬಂದು, ಕುಕ್ಕರಗಾಲಿನಲ್ಲಿ ಕೂತು, ಅಂಗೈಯಿಂದ ಅದನ್ನು ಸವರಿದರು.

"ಇದು ನಮ್ಮನೇದೇ ಕಲ್ಲಾ?"

"ನಿಮ್ಮನೇದೇ ಅತ್ತೆ."

"ನಿಮ್ಮಾವಾನೂ ನೋಡಿರ್ನಿಲ್ಲ ಕಣಮ್ಮಿ ಇದ್ರ ಬಣ್ಣವ" ಎಂದರು. ಎದ್ದು ನಿಂತು, "ಆ ಒಳಕಲ್ಲಿಗೂ ಒಸಿ ಬುಟ್ನೋಡು" ಎಂದರು.

ಅಂದಿನಿಂದ ನಾನೂ ಅತ್ತೆಯೂ ಸಿಕ್ಕಿದ್ದಕ್ಕೆಲ್ಲ ನೀರು ಬಿಟ್ಟು ನೋಡತೊಡಗಿದೆವು. ಯಾವುದರ ಕೆಳಗೆ ಯಾವ ಬಣ್ಣವಿದೆ ಎಂದು ಬಾಜಿ ಕಟ್ಟಿಕೊಳ್ಳುತ್ತಿದ್ದೆವು, ಸೋತವರು ಟೀ ಮಾಡಬೇಕು. ಹುಳು ಮನೆಯ ಕೆಲಸವೂ ಹಗುರವಾಯಿತು. ಮಿಷಿನ್ನು ಹೊರಗೆ ಕಲ್ಲಿನ ಮೇಲೆ, ಪೈಪು ಬಾಗಿಲೊಳಗೆ, ಗನ್ನು ನಮ್ಮನೆಯವರ ಕೈಯಲ್ಲಿ. ಚಂದ್ರಿಕೆಗಳಿಂದ ನೂಲು ಹಾರಿ ಹೋಗುವುದನ್ನು ನೋಡುವುದೇ ಒಂದು ಸುಖ.

ಆಮೇಲೆ ಆ ಮಳೆಯ ದಿನ ಬಂತು.

ಬೆಳೆ ಮುಗಿದಿತ್ತು. ಔಷಧಿ ಹೊಡೆಯಬೇಕೆಂದು ಹುಳು ಮನೆಯ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆವು. ಅದಕ್ಕೆ ಮುಂಚೆ ಒಂದು ಸಲ ತೊಳೆದು ಮುಗಿಸುತ್ತೇನೆಂದು ನಮ್ಮನೆಯವರು ಮಧ್ಯಾಹ್ನ ಊಟ ಮಾಡಿ ಹೋದರು. ನಾನು ಕೊಟ್ಟಿಗೆಯಲ್ಲಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದೆ. ಸಣ್ಣಗೆ ಹನಿ ಶುರುವಾಯಿತು, ಆಮೇಲೆ ಜೋರಾಯಿತು. ಇಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಡಬ್ಬದೊಳಗೆ ಹಾಕಿ ಮುಚ್ಚಿದ ಹಾಗೆ ಮಂಕಾಯಿತು. ಮಳೆಯ ಸದ್ದಿಗೆ ಹಾಗೆ ಕೇಳಿಸುತ್ತಿರಬೇಕು ಎಂದುಕೊಂಡೆ. ಆದದ್ದು ಬೇರೆ. ಹೊಸ ಮಿಷಿನ್ನು ನೆನೆಯುತ್ತದಲ್ಲ ಎಂದು ಇವರು ಅದನ್ನು ಒಳಕ್ಕೆ ಎಳೆದುಕೊಂಡು, ಎರಚಲು ಬರದಂತೆ ಬಾಗಿಲ ಷಟರ್ರನ್ನೂ ಕೆಳಕ್ಕೆ ಎಳೆದಿದ್ದರು.

ಹುಲ್ಲು ಹಾಕಿ ಮುಗಿಸುವ ಹೊತ್ತಿಗೆ ಇಂಜಿನ್ನಿನ ದನಿ ಬದಲಾಯಿತು. ಹೊರೆ ಹೊತ್ತು ಏದುತ್ತಿದ್ದದ್ದು ಹೊರೆ ಇಳಿಸಿದಂತೆ ಹಗುರಾಗಿ ಓಡತೊಡಗಿತು. ಇವರು ಗನ್ನು ಬಿಟ್ಟಿದ್ದಾರೆ, ಚಂದ್ರಿಕೆ ತಿರುಗಿಸಿಡುತ್ತಿರಬೇಕು ಎಂದುಕೊಂಡು ಕಾದೆ. ಮತ್ತೆ ಹೊರೆ ಏರಲಿಲ್ಲ. ಹಸುವಿನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೇಳುತ್ತಲೇ ನಿಂತೆ. ಏರಲಿಲ್ಲ. ನೀರು ಬಿಡದೆ ಇಷ್ಟು ಹೊತ್ತು ಮಿಷಿನ್ನು ಯಾಕೆ ಓಡಿಸುತ್ತಿದ್ದಾರೆ? ನಿಜ ಹೇಳಬೇಕೆಂದರೆ ಆಗ ನನಗೆ ಭಯವಾಗಿರಲಿಲ್ಲ. ಏನು ಮಾಡುತ್ತಿದ್ದಾರೆ ನೋಡೋಣ ಎಂಬ ಕುತೂಹಲವಷ್ಟೇ. ಅದರಿಂದಲೇ ಮಳೆಯಲ್ಲಿ ನಡೆದು ಹೋದೆ.

ಷಟರ್ ಮುಚ್ಚಿತ್ತು. ಕೂಗಿದೆ, ಉತ್ತರವಿಲ್ಲ. ಎತ್ತಿದೆ. ಒಳಗಿನ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ನಮ್ಮನೆಯವರು ಸ್ಟ್ಯಾಂಡಿಗೆ ಒರಗಿ ನೀರಿನಲ್ಲಿ ಕೂತಿದ್ದರು. ಗನ್ನು ತೊಡೆಯ ಮೇಲಿತ್ತು. ಕಣ್ಣು ಬಿಟ್ಟೇ ಇತ್ತು.

"ಏನ್ರೀ, ಯಾಕೆ ಕೂತ್ರಿ?" ಎಂದೆ.

ಅವರು ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದ, "ಯಾರು?" ಎಂದರು.

ಮದುವೆಯಾದಂದಿನಿಂದ ಅವರು ನನ್ನನ್ನು ಬೈದಿದ್ದಾರೆ, ಮಾತು ಬಿಟ್ಟಿದ್ದಾರೆ. ಯಾರು ಎಂದು ಕೇಳಿರಲಿಲ್ಲ. ಕಂಕುಳಿಗೆ ಕೈ ಹಾಕಿ ಎಳೆದೆ. ನೆನೆದ ಮೂಟೆಯಂತಿದ್ದರು, ಅಲುಗಲಿಲ್ಲ. ಅತ್ತೇ ಎಂದು ಕಿರುಚಿದೆ. ತಲೆಯ ಮೇಲೆ ಸೆರಗು ಹಾಕಿಕೊಂಡು ಅತ್ತೆ ಬಂದರು. ಮಗನ ಎರಡು ಕಾಲನ್ನೂ ಹಿಡಿದು, "ನೀ ತಲೆ ಕಡೆ ಎತ್ತು, ನಡಿ" ಎಂದರು. ಇಬ್ಬರೂ ಸೇರಿ ಅವರನ್ನು ಮಳೆಯಲ್ಲಿ, ಬಯಲಿಗೆ ತಂದು ಹಾಕಿದೆವು. ಇಂಜಿನ್ನು ಒಳಗೆ ಓಡುತ್ತಲೇ ಇತ್ತು. ಕೆರೆಯಲ್ಲಿ ಮುಳುಗು ಹಾಕುವಾಗಿನಂತೆ ಉಸಿರು ಬಿಗಿಹಿಡಿದು ಒಳಗೆ ಓಡಿ, ಸ್ವಿಚ್ಚು ಆರಿಸಿ ಬಂದೆ. ಅಲ್ಲಿ ತೋಟದಲ್ಲಿ ಸದ್ದೇ ಇಲ್ಲದಂತಾಯಿತು. ಮಳೆಯಲ್ಲಿ ಅತ್ತೆ, ಕಣ್ಣು ಮುಚ್ಚಿಕೊಂಡಿದ್ದ ಮಗನ ಕೆನ್ನೆ ತಟ್ಟುತ್ತ, "ಪುಟ್ಟಸಾಮಿ, ಕಣ್ಬುಡ್ಲಾ. ಇಲ್ನೋಡ್ಲಾ" ಎನ್ನುತ್ತಿದ್ದದ್ದು ಮಾತ್ರ ಕೇಳುತ್ತಿತ್ತು.

ಪಕ್ಕದ ಮನೆಯವರ ಕಾರಿನಲ್ಲಿ ರಾಮನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂಗಿಗೆ ಆಕ್ಸಿಜನ್ನಿನ ಮಾಸ್ಕು ಹಾಕಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪೆಟ್ರೋಲು ಹೊಗೆಯಲ್ಲಿ ಬಣ್ಣವೂ ಇಲ್ಲದ, ವಾಸನೆಯೂ ಇಲ್ಲದ ಒಂದು ಗಾಳಿ ಇರುತ್ತದೆ, ರಕ್ತ ಒಳ್ಳೆಯ ಗಾಳಿಯನ್ನು ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತದೆ, ಮೊದಲು ತಲೆನೋವು, ಆಮೇಲೆ ಮಂಪರು, ಎಂದು ಬಿಡಿಸಿ ಹೇಳಿದರು. "ಇನ್ನೂ ಸ್ವಲ್ಪ ಹೊತ್ತು ಯಾರೂ ನೋಡದೆ ಇದ್ದಿದ್ದರೆ" ಎಂದು ಶುರುಮಾಡಿ, ಅತ್ತೆಯ ಮುಖ ನೋಡಿ ನಿಲ್ಲಿಸಿದರು.

ಸಂಜೆಯ ಹೊತ್ತಿಗೆ ಇವರಿಗೆ ನನ್ನ ಗುರುತು ಸಿಕ್ಕಿತು. "ಶಾರದಾ, ಮಿಸಿನ್ನು ನೆನೀತೇನಮ್ಮಿ?" ಎಂದು ಕೇಳಿದರು. ಆಗ ನನ್ನ ಜೀವ ಜಾಗಕ್ಕೆ ಬಂತು. ಜೀವ ಜಾಗಕ್ಕೆ ಬಂದದ್ದೇ ತಡ, ಹಿಂದೆಯೇ ಕುತೂಹಲವೂ ಬಂತು. ಡಾಕ್ಟರನ್ನು ತಡೆದು, "ಮೇಡಂ, ಒಳಗೆ ಹುಳ ಇದ್ದಿದ್ರೆ ಅವೂ ಸಾಯ್ತಿದ್ವಾ?" ಎಂದು ಕೇಳಿದೆ.

"ಹುಳದ ವಿಷಯ ನನಗೆ ಗೊತ್ತಿಲ್ಲಮ್ಮ. ಯಜಮಾನ್ರ ವಿಷಯ ಏನಾದ್ರೂ ಇದ್ರೆ ಕೇಳಿ" ಎಂದರು ಅವರು. ಮಾಸ್ಕಿನೊಳಗೆ ನಮ್ಮನೆಯವರು ನಕ್ಕರು. ಮಾಸ್ಕು ಮಬ್ಬಾಯಿತು.

ಮನೆಗೆ ಬಂದ ಮೇಲೆ ಮಿಷಿನ್ನಿನ ಮೇಲೆ ಗೋಣಿತಾಟು ಬಿತ್ತು. ಅತ್ತೆ ಯಾರನ್ನೂ ಬೈಯಲಿಲ್ಲ. ಹುಳು ಮನೆಯ ಬಾಗಿಲಲ್ಲಿ ಅವರು ಎಷ್ಟು ಕಟ್ಟುನಿಟ್ಟು ಎಂದರೆ, ಊದುಬತ್ತಿ ಹಚ್ಚಿದ ಕೈ, ಹೊಗೆಸೊಪ್ಪು ತಿಂದ ಬಾಯಿ, ಘಮ್ಮೆನ್ನುವ ತಲೆಯೆಣ್ಣೆ ಯಾವುದೂ ಒಳಗೆ ಬರುವಂತಿಲ್ಲ. ಒಂದು ದಿನ ಅವರೆಕಾಯಿ ಬಿಡಿಸುತ್ತ, "ಹುಳಕ್ಕೆ ಇಷ್ಟೆಲ್ಲಾ ನೇಮ ಮಾಡಿದ್ದೋ. ಮನ್ಸಂಗೆ ಒಂದೂ ಮಾಡ್ನಿಲ್ವಲ್ಲ" ಎಂದರು, ಅಷ್ಟೆ.

ನಮ್ಮನೆಯವರು, ಅದು ಬಹಳ ಪೆಟ್ರೋಲು ಕುಡಿಯುತ್ತದೆ, ಮಾರಿಬಿಡೋಣ ಎಂದರು. ಪೆಟ್ರೋಲು ಅಷ್ಟೇನೂ ಕುಡಿಯುತ್ತಿರಲಿಲ್ಲ. ನಾನು ಗೋಣಿತಾಟಿನ ಅಂಚನ್ನು ಒಳಕ್ಕೆ ಮಡಿಸಿ ಮಿಷಿನ್ನನ್ನು ಅಲ್ಲೇ ಬಿಟ್ಟೆ. ಮುಂದಿನ ಬೆಳೆಗೆ ಮತ್ತೆ ಬ್ರಷ್ಷು ಹಿಡಿದು ಉಜ್ಜಿದೆವು. ಆಗ ಒಂದು ವಿಷಯ ಗಮನಿಸಿದೆ. ಇವರು ಹುಳು ಮನೆಯ ಒಳಗೆ ಬರುತ್ತಿರಲಿಲ್ಲ. ಸೊಪ್ಪಿನ ಹೊರೆ ತಂದು ಬಾಗಿಲಲ್ಲಿ ಇಳಿಸುವುದು, ಅಲ್ಲಿಂದಲೇ ಏನಾದರೂ ನೆನಪಾದಂತೆ ವಾಪಸು ಹೋಗುವುದು. ಬಾಗಿಲಲ್ಲಿ ನಿಂತು ಒಳಗೆ ನೋಡುವಾಗ ಅವರ ಮೂಗಿನ ಹೊಳ್ಳೆ ಅರಳಿರುತ್ತಿತ್ತು. ವಾಸನೆಯೇ ಇಲ್ಲದ್ದನ್ನು ಮೂಸಿ ನೋಡುತ್ತಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹುಳು ಸಾಕುವ ಮನೆಯ ಗಂಡಸು ಹುಳು ಮನೆಗೆ ಬರದಿದ್ದರೆ ಎಷ್ಟು ಬೆಳೆ ನಡೆಯುತ್ತದೆ ಎಂದು ನಾನೂ ಅತ್ತೆಯೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಯೋಚಿಸುತ್ತಿದ್ದೆವು.

ಆ ಹೊತ್ತಿಗೆ ಶಮೀಮ್ ಫೋನು ಮಾಡಿದಳು. ರಾಮನಗರದಲ್ಲಿ ಅವರದು ನೂಲು ಬಿಚ್ಚುವ ಮನೆತನ. ನಮ್ಮ ಗೂಡು ಕೊಂಡ ಪರಿಚಯದಿಂದ ಶುರುವಾಗಿ, ಹಬ್ಬಕ್ಕೆ ಬಿರಿಯಾನಿ, ಹೋಳಿಗೆ ಆಚೀಚೆ ಓಡಾಡುವಷ್ಟು ಹತ್ತಿರವಾದವರು. ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಗೂಡು ಬೇಯಿಸುವ ಒಲೆಯ ಮಸಿ ಕೂತು ಕೂತು ಅವರ ಅಂಗಳ ಕಡುಗಪ್ಪಾಗಿತ್ತು.

"ಶಾರದಕ್ಕ, ನಿಮ್ಮತ್ರ ನೀರು ಹೊಡಿಯೋ ಮಿಷಿನ್ ಐತಂತಲ್ಲ. ಒಂದು ದಿನಕ್ಕೆ ಕೊಡ್ತೀರಾ? ನಮ್ಮೋರೇ ಓಡಿಸ್ಕೋತಾರೆ" ಎಂದಳು.

ಪಕ್ಕದಲ್ಲಿ ಕೂತಿದ್ದ ನಮ್ಮನೆಯವರಿಗೆ ಕೇಳಿಸಿತ್ತು. "ಕೊಡ್ಬ್ಯಾಡ" ಎಂದರು. ಆಮೇಲೆ, "ಅವ್ರಿಗೆ ಗೊತ್ತಾಗಾಕಿಲ್ಲ. ನಾನೇ ತತ್ತೀನಿ ಅನ್ನು" ಎಂದರು.

ನಾವಿಬ್ಬರೂ ಹೋದೆವು. ಹೋಗುವ ಮುಂಚೆ ಇವರು ಚನ್ನಪಟ್ಟಣಕ್ಕೆ ಹೋಗಿ ಇನ್ನೂ ಉದ್ದದ ಪೈಪು ತಂದಿದ್ದರು. ಮಿಷಿನ್ನನ್ನು ಶಮೀಮಳ ಮನೆಯ ಒಳಗೆ ತರಲೇ ಇಲ್ಲ. ಆಚೆ ಬೀದಿಯಲ್ಲಿ, ಯಾರ ಕಿಟಕಿಗೂ ಹೊಗೆ ಹೋಗದ ಕಡೆ ನಿಲ್ಲಿಸಿ, ಪೈಪನ್ನು ಗೇಟಿನ ಮೂಲಕ ಅಂಗಳಕ್ಕೆ ಬಿಟ್ಟರು. ಬಿಸಿಲು ಸುಡುತ್ತಿತ್ತು. ಶಮೀಮಳ ಗಂಡ, "ಅಲ್ಯಾಕಣ್ಣ ಬಿಸಿಲಲ್ಲಿ? ಒಳಗೆ ನೂಲು ಬಿಚ್ಚೋ ಷೆಡ್ಡಲ್ಲಿ ನೆರಳೈತೆ, ಅಲ್ಲೇ ಇಡಿ" ಎಂದರು.

"ನೆರಳಲ್ಲೇ ಇಟ್ಟಿದ್ದೆ ಸಾಹೇಬ್ರೆ" ಎಂದರು ನಮ್ಮನೆಯವರು. "ಷಟರ್ ಎಳ್ಕೊಂಡು ಒಳಗಿದ್ದೆ. ತಲೆ ನೋಯ್ತು, ಮಳೇಲಿ ನೆಂದುದ್ಕೆ ಅನ್ಕಂಡೆ. ಆಮೇಲೆ ನಿದ್ದೆ ಬಂದಂಗಾಯ್ತು. ಒಸಿ ಕೂತ್ಕಳಾನ ಅನ್ಕಂಡೆ. ಎದ್ದೇಳ್ಬೇಕು ಅಂತ ಗೊತ್ತೈತೆ, ಆದ್ರೆ ಕಾಲು ಯಾರ್ದೋ ಇದ್ದಂಗಾಯ್ತು. ಇವ್ಳು ಬರ್ದಿದ್ರೆ ಹೋಗ್ಬುಡ್ತಿದ್ದೆ."

ನಾನು ಗನ್ನು ಹಿಡಿದು ಗೇಟಿನೊಳಗೆ ನಿಂತಿದ್ದೆ. ಆ ದಿನ ಒಳಗೆ ಏನಾಯಿತೆಂದು ನನಗೆ ಗೊತ್ತಾದದ್ದು ಆಗಲೇ, ಅದೂ ಬೇರೆಯವರಿಗೆ ಹೇಳುವಾಗ. ಶಮೀಮ್ ನನ್ನ ತೋಳು ಹಿಡಿದುಕೊಂಡಳು. ಅವಳ ಗಂಡ ಒಳಗಿಂದ ಒಂದು ಕೊಡೆ ತಂದು ನಮ್ಮನೆಯವರ ಕೈಗೆ ಕೊಟ್ಟರು.

ಅಂಗಳ ತೊಳೆದೆವು. ಮಸಿಯ ಕೆಳಗೆ ಏನಿರಬಹುದು ಎಂದು ನನಗೆ ಒಳಗೊಳಗೇ ಆಸೆ. ಹಳೆಯ ಮನೆ, ಬಣ್ಣದ ಕಲ್ಲೋ, ಹೂವಿನ ಟೈಲ್ಸೋ ಇದ್ದೀತು. ತೊಳೆದೂ ತೊಳೆದೂ ಕೊನೆಗೆ ಸಿಕ್ಕಿದ್ದು ಸಿಮೆಂಟು. ಬರೀ ಸಿಮೆಂಟು. "ಅಷ್ಟೇನಾ?" ಎಂದೆ. ಶಮೀಮ್ ನಕ್ಕು, "ಸಿಮೆಂಟು ಅಂತನಾದ್ರೂ ಗೊತ್ತಾಯ್ತಲ್ಲಕ್ಕ, ನಾನು ಮಣ್ಣು ಅನ್ಕೊಂಡಿದ್ದೆ" ಎಂದಳು. ಆ ಅಂಗಳದಲ್ಲೇ ಶಾಮಿಯಾನ ಹಾಕಿ ನಿಶ್ಚಿತಾರ್ಥ ಮಾಡಿದರು. ನೆಲವನ್ನು ನಾನೊಬ್ಬಳೇ ನೋಡಿದೆ ಎಂದು ಬೇರೆ ಹೇಳಬೇಕಿಲ್ಲ.

ಈಗ ಪ್ರತಿ ಬೆಳೆ ಮುಗಿದ ಮೇಲೂ ಮಿಷಿನ್ನು ಹೊರಬರುತ್ತದೆ. ಹುಳು ಮನೆಯಿಂದ ಸಾಕಷ್ಟು ದೂರ ಬಯಲಲ್ಲಿ ಅದರ ಜಾಗ. ಷಟರ್ ಪೂರ್ತಿ ಮೇಲೆ, ಕಿಟಕಿಗಳೆಲ್ಲ ತೆರೆದು, ಗಾಳಿ ಈ ಕಡೆಯಿಂದ ಆ ಕಡೆಗೆ ಹಾದು ಹೋಗುವಂತೆ. ಮಳೆ ಬಂದರೆ ಆರಿಸುವುದು, ಒಳಗೆ ತರುವ ಮಾತಿಲ್ಲ. ಗನ್ನು ಹಿಡಿದು ಒಳಗೆ ಹೋಗುವವಳು ನಾನು. ಇವರು ಹಗ್ಗ ಎಳೆದು ಎಬ್ಬಿಸಿಕೊಟ್ಟು, ಬಕೆಟ್ಟು ಬೋರಲು ಹಾಕಿಕೊಂಡು ಕಿಟಕಿಯ ಕೆಳಗೆ ಕೂರುತ್ತಾರೆ. ಈಗೀಗ ಸೊಪ್ಪಿನ ಹೊರೆ ಒಳಗೂ ತರುತ್ತಾರೆ, ಆದರೆ ಮಿಷಿನ್ನು ಓಡುವಾಗ ಅವರ ಜಾಗ ಅದೇ.

ಮೊದಮೊದಲು ಅಲ್ಲಿಂದ ಗಳಿಗೆಗೊಮ್ಮೆ, "ಇದ್ದೀಯೇನಮ್ಮಿ?" ಎಂದು ಕೂಗುತ್ತಿದ್ದರು. ನಾನು ಇದ್ದೀನಿ ಎಂದು ಕೂಗಿದರೆ ನೀರಿನ ಸದ್ದಿನಲ್ಲಿ ಅವರಿಗೆ ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದರೆ ಎದ್ದು ಬಾಗಿಲಿಗೆ ಓಡಿ ಬರುವರು. ಹೀಗಾದರೆ ಕೆಲಸ ಸಾಗುವುದಿಲ್ಲ ಎಂದು ನಾನೊಂದು ಉಪಾಯ ಮಾಡಿದೆ. ಆಗಾಗ ಗನ್ನನ್ನು ಕಿಟಕಿಯ ಕಡೆಗೆ ತಿರುಗಿಸಿ, ಬಿಳಿ ಮೂತಿಯ ನೀರನ್ನು ಮೇಲಕ್ಕೆ ಬಿಡುತ್ತೇನೆ. ಕಿಟಕಿಯ ಬಲೆ ದಾಟಿ ತುಂತುರು ಆಚೆ ಬೀಳುತ್ತದೆ. ಅದು ಬಿದ್ದರೆ ನಾನಿದ್ದೇನೆ ಎಂದು ಅರ್ಥ.

ಹೋದ ಬೆಳೆಯಲ್ಲಿ ಡ್ರಮ್ಮಿನ ನೀರು ಮುಗಿದು ಇವರು ಮಿಷಿನ್ನು ಆರಿಸಿದರು, ಡ್ರಮ್ಮು ತುಂಬುವವರೆಗೆ ನಾನು ಒಳಗೇ ಕೂತಿದ್ದೆ. ಅತ್ತೆ ಟೀ ತಂದಿದ್ದರು. ಕಿಟಕಿಯಾಚೆ ತಾಯಿ ಮಗನ ಮಾತು ಕೇಳಿಸಿತು.

"ಅಂಗಿಯೆಲ್ಲ ತೊಪ್ಪೆಯಾಗೈತಲ್ಲೋ. ಬಕೀಟ ಒಸಿ ಆ ಕಡೀಕ್ ಎಳ್ಕಂಡು ಕೂತ್ಕಬಾರ್ದಾ?"

"ಇಲ್ಲೇ ಇರ್ಲಿ ಬುಡವ್ವ" ಎಂದರು ಇವರು. "ಮೈಮ್ಯಾಲೆ ಬೀಳ್ತಾ ಇರ್ಬೇಕು."